ಮಂಪರಿನ ಹನ್ನೊಂದು ನಿಮಿಷ

ಚೀಟಿಯಲ್ಲಿ ಒಂಬತ್ತು ಸೂಚನೆಗಳಿದ್ದವು. ಎಂಟರ ಮುಂದೆ ಅವನು ಗುರುತು ಹಾಕಿದ್ದ. ರಾತ್ರಿಯ ಊಟದ ಮೇಲೆ ಏನೂ ತಿಂದಿರಲಿಲ್ಲ. ಬೆಳಿಗ್ಗೆ ಎಂಟರ ನಂತರ ನೀರನ್ನೂ ಮುಟ್ಟಿರಲಿಲ್ಲ. ತೋಳು ಮೊಣಕೈಯಿಂದ ಮೇಲಕ್ಕೆ ಸರಿಯುವಷ್ಟು ಸಡಿಲವಾದ ಅಂಗಿ ತೊಟ್ಟಿದ್ದ, ಉಂಗುರ ಬಿಚ್ಚಿಟ್ಟಿದ್ದ, ಬೈಕನ್ನು ಮನೆಯಲ್ಲೇ ಬಿಟ್ಟಿದ್ದ. ಉಗುರಿಗೆ ಬಣ್ಣ ಹಚ್ಚಿರಬಾರದು ಎಂಬ ಆರನೆಯ ಸೂಚನೆ ತನಗೆ ಸಂಬಂಧಿಸಿದ್ದಲ್ಲ ಎಂದು ಗೊತ್ತಿದ್ದರೂ ಹತ್ತೂ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ನೋಡಿ, ಆಮೇಲೆ ಗುರುತು ಹಾಕಿದ್ದ. ಕಚೇರಿಯಲ್ಲಿ ಅವನಿಗೆ ‘ಎರಡ್ಸಲ’ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಲಿಫ್ಟ್‌ಗಳನ್ನು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ ಕೆಲಸ ಅವನದು. ಯಾವ ಬೋಲ್ಟನ್ನೂ ಒಂದೇ ಸಲ ನೋಡಿ ನಂಬಿದವನಲ್ಲ. ಒಂಬತ್ತನೆಯ ಸೂಚನೆ, ದಪ್ಪಕ್ಷರದ್ದು, ಮಾತ್ರ ಬಾಕಿಯಿತ್ತು: ‘ಜವಾಬ್ದಾರಿಯುತ ವಯಸ್ಕರೊಬ್ಬರು ಕಡ್ಡಾಯವಾಗಿ ಜೊತೆಗಿರಬೇಕು.’ ಹೆಂಡತಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಹಾಗಾಗಿ ಜವಾಬ್ದಾರಿಯುತ ವಯಸ್ಕರಾಗಿ ಬಂದವರು ಹೆಂಡತಿಯ ತಾಯಿ. ಅವರು ಈಗ ಕಟ್ಟಡದ ನೆಲಮಹಡಿಯಲ್ಲಿ, ಬಾಯಿ ತೆರೆದು ನಿಂತ ಲಿಫ್ಟಿನ ಎದುರು, ಕೊಡೆಯನ್ನು ನೆಲಕ್ಕೆ ಊರಿಕೊಂಡು, ಒಳಗೆ ಕಾಲಿಡದೆ ನಿಂತಿದ್ದರು.

“ನಾಲ್ಕು ಮಹಡಿ ತಾನೇ,” ಎಂದರು ಅತ್ತೆ. “ಹತ್ತಿಬಿಡ್ತೀನಿ.”

“ಮೊಣಕಾಲು?”

“ಮೊಣಕಾಲು ನಂದು, ಅಳಿಯಂದ್ರೆ. ಅದಕ್ಕೂ ನಿಮ್ಮ ಸರ್ಟಿಫಿಕೇಟ್ ಬೇಕಾ?”

ಎಪ್ಪತ್ತೆರಡು ವರ್ಷದ ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮೂರು ನಿಮಿಷಕ್ಕೊಮ್ಮೆ ಮಾತಿನ ನಡುವೆ ನುಗ್ಗಿ ‘ಮೂರು ನಿಮಿಷ ಆಯ್ತು’ ಎಂದು ಎಚ್ಚರಿಸುವುದು ಆ ಕೆಲಸದ ಭಾಗ. ಒಮ್ಮೆ ಎಕ್ಸ್‌ಚೇಂಜಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ, ಕತ್ತಲಲ್ಲಿ ಮೇಲ್ವಿಚಾರಕಿಯ ಪಕ್ಕ ನಿಂತು, ಅಭ್ಯಾಸಬಲದಿಂದ ಹದಿನಾಲ್ಕು ಸಲ ‘ಮೂರು ನಿಮಿಷ ಆಯ್ತು’ ಎಂದಿದ್ದರಂತೆ. ಹದಿನೈದನೆಯ ಸಲಕ್ಕೆ ಬಾಗಿಲು ತೆರೆಯಿತು. ಅಂದಿನಿಂದ ಮೆಟ್ಟಿಲು. ಮದುವೆಯಾದ ಹೊಸದರಲ್ಲೇ ಅವನು ಅವರಿಗೆ ಲಿಫ್ಟು ಎಷ್ಟು ಸುರಕ್ಷಿತ ಎಂಬುದನ್ನು ಹಗ್ಗ, ಬ್ರೇಕು, ಸ್ಪ್ರಿಂಗುಗಳ ಚಿತ್ರ ಬರೆದು ವಿವರಿಸಿದ್ದ. ಅವರು ಗಮನವಿಟ್ಟು ಕೇಳಿ, “ಚೆನ್ನಾಗಿ ಬರೀತೀರಿ,” ಎಂದು ಎದ್ದು ಹೋಗಿದ್ದರು. ಆಮೇಲೆ ಪ್ರತಿ ವರ್ಷ ಒಂದಲ್ಲ ಒಂದು ಕಟ್ಟಡದ ಬಾಗಿಲಲ್ಲಿ ಇದೇ ವಾದ, ಅವನದು ಒಂದೇ ವಾಕ್ಯ: ನನ್ನ ಸಹಿ ಇರೋ ಲಿಫ್ಟಲ್ಲಿ ಕಣ್ಣು ಮುಚ್ಕೊಂಡು ಹೋಗಬಹುದು. ಇಂದು ಮೊಣಕಾಲು ಊದಿಕೊಂಡಿತ್ತು. ಅವರು ಮೆಟ್ಟಿಲಿನತ್ತ ನೋಡಿದರು, ಲಿಫ್ಟಿನತ್ತ ನೋಡಿದರು, ಅಳಿಯನ ಎಡಗೆನ್ನೆಯತ್ತ ನೋಡಿದರು. “ಆಯ್ತು. ನಿಮ್ಮ ಇಲಾಖೆ ಮೇಲೆ ಭಾರ ಹಾಕ್ತೀನಿ,” ಎಂದು, ತಣ್ಣೀರಿಗೆ ಇಳಿಯುವವರ ಹಾಗೆ ಮೊದಲು ಕೊಡೆಯನ್ನು, ಆಮೇಲೆ ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ಒಳಗಿಟ್ಟರು.

ಬಾಗಿಲು ಮುಚ್ಚಿತು. ಚೌಕಟ್ಟು ಹಾಕಿದ ಪ್ರಮಾಣಪತ್ರ ಬಟನ್‌ಗಳ ಪಕ್ಕದಲ್ಲೇ ಇತ್ತು. ಅತ್ತೆ ಓದುವ ಕನ್ನಡಕ ಏರಿಸಿಕೊಂಡು ಮೂಗನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ಹೋದರು. “ಎಂಟು ಜನ. ಐನೂರ ನಲವತ್ತನಾಲ್ಕು ಕೆ.ಜಿ. ತಪಾಸಣೆ ಮಾಡಿದವರು... ಇದು ನಿಮ್ದೇ ಸಹಿ ಅಲ್ವಾ? ಕೊನೇಲಿ ಹೀಗೆ ಬಾಲ ಎಳೆಯೋದು ನೀವೇ.” ಅವನು ನೋಡಿದ. ಬಾಲ ಅವನದೇ. ಕಟ್ಟಡದ ಮುಂಭಾಗಕ್ಕೆ ಈಗ ಹಳದಿ ಬಣ್ಣ ಬಳಿದಿದ್ದರು, ನೆಲಮಹಡಿಯ ಬಟ್ಟೆ ಅಂಗಡಿ ಹೋಗಿ ಕನ್ನಡಕದ ಅಂಗಡಿ ಬಂದಿತ್ತು, ಅವನು ಅಂದು ಒಳಬಂದದ್ದು ಹಿಂದಿನ ಗೇಟಿನಿಂದ. ಹಾಗಾಗಿ ಇಷ್ಟು ಹೊತ್ತೂ ಗುರುತು ಹತ್ತಿರಲಿಲ್ಲ. ಈಗ ಹತ್ತಿತು, ಅದೂ ದಿನಾಂಕದ ಸಮೇತ. ಏಳು ತಿಂಗಳ ಹಿಂದಿನದು. ಲಿಫ್ಟು ಒಮ್ಮೆ ಮೆಲ್ಲನೆ ಬಿಕ್ಕಿ ಮೇಲೇರತೊಡಗಿತು.

“ಎಲ್ಲಾ ನೋಡಿದ್ರಿ ತಾನೇ?” ಎಂದರು ಅತ್ತೆ, ಗಾಜಿನಿಂದ ಮೂಗು ತೆಗೆಯದೆ.

“ಹೂಂ.”

ಎಲ್ಲವನ್ನೂ ನೋಡಿರಲಿಲ್ಲ. ತಪಾಸಣೆಯ ನಮೂನೆಯಲ್ಲಿ ಹದಿನೇಳು ಅಂಶಗಳು. ಮೇಲಿನ ಯಂತ್ರದ ಕೋಣೆ, ಹಗ್ಗ, ಬ್ರೇಕು, ಬಾಗಿಲು, ಎಲ್ಲವನ್ನೂ ಅಂದು ಎರಡೆರಡು ಸಲ ನೋಡಿದ್ದ. ಹದಿನಾಲ್ಕು, ಹದಿನೈದು, ಹದಿನಾರು ಕೆಳಗಿನ ಗುಂಡಿಗೆ ಸಂಬಂಧಿಸಿದ್ದವು. ಪ್ರತಿ ಲಿಫ್ಟಿನ ಕೆಳಗೂ ನೆಲಮಟ್ಟಕ್ಕಿಂತ ಆಳವಾಗಿ ಒಂದು ಗುಂಡಿ ಇರುತ್ತದೆ. ಅಲ್ಲಿ ಎರಡು ದಪ್ಪ ಸ್ಪ್ರಿಂಗು, ಗೋಡೆಯಲ್ಲೊಂದು ಕೆಂಪು ಸ್ವಿಚ್ಚು. ಸ್ಪ್ರಿಂಗು ನೆಟ್ಟಗಿದೆಯೇ, ಗುಂಡಿ ಒಣಗಿದೆಯೇ, ಸ್ವಿಚ್ಚು ಒತ್ತಿದರೆ ಲಿಫ್ಟು ನಿಲ್ಲುತ್ತದೆಯೇ ಎಂದು ನೋಡಲು ಮೊದಲು ಬಾಗಿಲಲ್ಲಿ ಬಗ್ಗಬೇಕು, ಆಮೇಲೆ ಕಬ್ಬಿಣದ ಏಣಿ ಇಳಿಯಬೇಕು. ಅಂದು ಅವನು ಟಾರ್ಚು ಹಿಡಿದು ಬಗ್ಗಿದ್ದ. ಬಗ್ಗಿದ ಕೂಡಲೇ ಕೆಳದವಡೆಯ ಎಡಗಡೆಯ ಕೊನೆಯ ಹಲ್ಲು, ತಲೆಯ ರಕ್ತವೆಲ್ಲ ಅಲ್ಲಿಗೇ ಹರಿದು ಬಂದಂತೆ, ಬಡಿದುಕೊಂಡಿತು. ನೆಟ್ಟಗಾದ. ಮತ್ತೆ ಬಗ್ಗಿದ, ಮತ್ತೆ ಬಡಿಯಿತು. ಎರಡು ಸಲ ಬಗ್ಗಿದ್ದನ್ನೇ ಎರಡು ಸಲ ನೋಡಿದ್ದು ಎಂದು ಲೆಕ್ಕ ಹಿಡಿದು, ಗೋಡೆಗೆ ನಮೂನೆ ಒತ್ತಿ, ಮೂರೂ ಚೌಕಗಳಲ್ಲಿ ಗುರುತು ಹಾಕಿದ್ದ. ಇಪ್ಪತ್ತನಾಲ್ಕು ವರ್ಷದಲ್ಲಿ ಅದೊಂದೇ. ಯಾರಿಗೂ ಗೊತ್ತಿರಲಿಲ್ಲ, ಆ ಹಲ್ಲಿಗೆ ಬಿಟ್ಟು. ಇಂದು ಕೀಳಿಸಲು ಹೊರಟಿದ್ದದ್ದೂ ಅದೇ ಹಲ್ಲು.

“ಅಲುಗಾಡ್ಲಿಲ್ಲವಲ್ಲ,” ಎಂದರು ಅತ್ತೆ ನಾಲ್ಕನೆಯ ಮಹಡಿಯಲ್ಲಿ ಹೊರಗೆ ಕಾಲಿಟ್ಟು, ಹೆಮ್ಮೆಯಿಂದ, ಲಿಫ್ಟನ್ನು ತಾವೇ ನಡೆಸಿಕೊಂಡು ಬಂದವರಂತೆ. “ಇಷ್ಟು ವರ್ಷ ಸುಮ್ನೆ ಹಟ ಮಾಡಿದೆ.” ಅವರು ಹಾಗೆ ಒಪ್ಪಿಕೊಳ್ಳಲಿ ಎಂದು ಅವನು ಎರಡು ದಶಕ ಕಾದಿದ್ದ. ಬಾಯಿ ಒಣಗಿತ್ತು, ಅದು ನೀರು ಕುಡಿಯದ್ದಕ್ಕೆ ಎಂದುಕೊಂಡ.

ದಂತವೈದ್ಯೆ ಮೂವತ್ತರ ಆಸುಪಾಸಿನವಳು, ಕೈ ಚುರುಕು, ಮಾತು ನಿಧಾನ. ಅವಳ ಬಲಗೈ ತೋರುಬೆರಳನ್ನು ಅವನು ನೋಡದಿರಲು ಯತ್ನಿಸಿದ. ಹದಿನೈದು ದಿನದ ಹಿಂದೆ, ಬರೀ ಮರಗಟ್ಟಿಸುವ ಸೂಜಿ ಚುಚ್ಚಿ ಹಲ್ಲು ಕೀಳಲು ಅವಳು ತನ್ನ ಹಿಂದಿನ ಕ್ಲಿನಿಕ್ಕಿನಲ್ಲಿ ಪ್ರಯತ್ನಿಸಿದಾಗ, ಆ ಬೆರಳನ್ನು ಅವನು ಕಚ್ಚಿಬಿಟ್ಟಿದ್ದ. ಬೇಕೆಂದು ಅಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು, ಸೆನ್ಸರ್ ಕೆಟ್ಟ ಬಾಗಿಲಿನಂತೆ. ಅವಳು ಕೂಗಿರಲಿಲ್ಲ, ಬೆರಳು ನೋಡಿಕೊಂಡು, “ಪರವಾಗಿಲ್ಲ, ಮುಂದಿನ ಸಲ ಸ್ವಲ್ಪ ಮಂಪರು ಕೊಟ್ಟು ಮಾಡೋಣ, ಹೊಸ ಜಾಗಕ್ಕೆ ಬನ್ನಿ,” ಎಂದಿದ್ದಳಷ್ಟೇ. ಅಷ್ಟೇ ಅಂದದ್ದೇ ಅವನನ್ನು ಹೆಚ್ಚು ಕುಗ್ಗಿಸಿತ್ತು. ಈಗ ಅವಳು ಕುರ್ಚಿಯ ಪಕ್ಕ ಸ್ಟೂಲಿನಲ್ಲಿ ಕೂತು ವಿವರಿಸತೊಡಗಿದಳು. ಕೈಗೆ ಒಂದು ಸೂಜಿ, ಬೆರಳಿಗೆ ಒಂದು ಕ್ಲಿಪ್ಪು, ಅದು ನಾಡಿ ಮತ್ತು ರಕ್ತದ ಆಮ್ಲಜನಕ ನೋಡುತ್ತಿರುತ್ತದೆ. ಒಸಡಿಗೆ ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ ಇದ್ದೇ ಇರುತ್ತದೆ; ಮಂಪರು ಇರುವುದು ನೋವಿಗಲ್ಲ, ಹೆದರಿಕೆಗೆ.

“ನಿದ್ದೆ ಬರುತ್ತಾ?”

“ನಿದ್ದೆ ಅಲ್ಲ. ಎಚ್ಚರ ಇರ್ತೀರಿ. ಬಾಯಿ ತೆಗೀರಿ ಅಂದ್ರೆ ತೆಗೀತೀರಿ, ತಲೆ ತಿರುಗ್ಸಿ ಅಂದ್ರೆ ತಿರುಗಿಸ್ತೀರಿ. ಆದ್ರೆ ಯಾವುದೂ ದೊಡ್ಡ ವಿಷಯ ಅನ್ಸಲ್ಲ. ಆಮೇಲೆ ನೆನಪೂ ಇರಲ್ಲ, ಹೆಚ್ಚಿನವರಿಗೆ.”

“ಮಾತಾಡ್ತೀನಾ?”

“ಕೆಲವರು ಮಾತಾಡ್ತಾರೆ.”

“ಏನು ಮಾತಾಡ್ತಾರೆ?”

“ಬಾಯಿ ತುಂಬಾ ಹತ್ತಿ ಇರುತ್ತಲ್ಲ, ಸರ್. ನಮಗೆ ಅರ್ಥ ಆಗಲ್ಲ,” ಎಂದಳು ವೈದ್ಯೆ. ಟ್ರೇ ಜೋಡಿಸುತ್ತಿದ್ದ ಸಹಾಯಕಿ ನಕ್ಕಳು. “ಒಬ್ರು ಪೂರ್ತಿ ಮಗ್ಗಿ ಹೇಳಿದ್ರು. ಹದಿನೇಳರದ್ದು.”

ಅವನಿಗೆ ಒಂದು ಕ್ಷಣ ನಿರಾಳವಾಯಿತು. ಆಮೇಲೆ ಅರ್ಧ ತೆರೆದ ಬಾಗಿಲಾಚೆ ಕೂತ ಅತ್ತೆಯ ಕೊಡೆಯ ತುದಿ ಕಂಡಿತು. ಮೂವತ್ತೊಂದು ವರ್ಷ ಸಮುದ್ರದಾಚೆಯಿಂದ, ಗುಡ್ಡದಾಚೆಯಿಂದ, ಗುಡುಗು ಸಿಡಿಲಿನ ಮಧ್ಯದಿಂದ ಬರುತ್ತಿದ್ದ ಕೊರಕೊರ ದನಿಗಳನ್ನು ಬಿಡಿಸಿ ಕೇಳಿದ ಕಿವಿ ಅದು. ಅಳುತ್ತ ಮಾತಾಡುವವರು, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವವರು, ಹಲ್ಲಿಲ್ಲದ ಮುದುಕರು, ಎಲ್ಲರೂ ಅರ್ಥವಾಗುತ್ತಿದ್ದರು. ಹತ್ತಿಯ ಉಂಡೆ ಯಾವ ಲೆಕ್ಕ. “ಬಾಗಿಲು ಹಾಕಬಹುದಾ?” ಎಂದು ಕೇಳಿದ. “ಹಾಕ್ತೀವಿ,” ಎಂದಳು ವೈದ್ಯೆ. “ಮುಗಿದ ಮೇಲೆ ಪಕ್ಕದ ಕೋಣೇಲಿ ಸ್ವಲ್ಪ ಹೊತ್ತು ಮಲಗಿಸ್ತೀವಿ. ಆವಾಗ ನಿಮ್ಮವರು ಜೊತೇಲಿರ್ತಾರೆ.” ಬೇಡ ಎನ್ನಬೇಕೆಂದುಕೊಂಡ. ಸೂಜಿ ಆಗಲೇ ಮುಂಗೈ ಸೇರಿತ್ತು.

ಔಷಧಿ ಎಲ್ಲಿಂದ ಶುರುವಾಯಿತೆಂದು ಗಮನಿಸಬೇಕು ಎಂದು ಅವನು ನಿಶ್ಚಯಿಸಿದ್ದ. ಯಾವುದೇ ಯಂತ್ರ ಹೊರಡುವ ಕ್ಷಣ ಮುಖ್ಯ. ಕುರ್ಚಿ ಹಿಂದಕ್ಕೆ ಬಾಗಿತು, ಮೋಟಾರು ಸಣ್ಣಗೆ ಗೊಣಗಿತು, ಗ್ರೀಸು ಬೇಕು ಎಂದುಕೊಂಡ. ಚಾವಣಿಯಲ್ಲಿ ಮೂವತ್ತಾರು ಚೌಕ ಹಲಗೆಗಳು, ಒಂದರ ಮೂಲೆ ಒಡೆದಿದೆ. ಈಗ ಅತ್ತೆ ಹೊರಗೆ ಕೂತು ಯಾರಿಗೋ ತಮ್ಮ ಲಿಫ್ಟಿನ ಪ್ರಯಾಣವನ್ನು ವರ್ಣಿಸುತ್ತಿರಬಹುದು. ಹೇಳದಿರಲು ಸುಲಭದ ದಾರಿ ಬೇರೆ ಏನನ್ನಾದರೂ ಹೇಳುತ್ತಿರುವುದು. ಮಗ್ಗಿ ಹೇಳಿದವನು ಬುದ್ಧಿವಂತ, ಅವನೂ ಏನನ್ನೋ ಮುಚ್ಚಿಟ್ಟಿದ್ದ. ಹದಿನೇಳೊಂದಲ ಹದಿನೇಳು. ಹದಿನೇಳು ಅಂಶ. ಹದಿನಾಲ್ಕನೆಯದು ಸ್ಪ್ರಿಂಗು. ಅದು ಬೇಡ, ಹದಿಮೂರರ ಮಗ್ಗಿ ತೆಗೆದುಕೋ. ಶಾಲೆಯಲ್ಲಿ ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದರು. ಬೆಂಚಿನ ಮೇಲಿಂದ ಕಿಟಕಿಯಾಚೆ ಹೊಸದಾಗಿ ಕಟ್ಟುತ್ತಿದ್ದ ಆಸ್ಪತ್ರೆಯ ಸರಕು ಲಿಫ್ಟು ಮೇಲೆ ಕೆಳಗೆ ಹೋಗುವುದು ಕಾಣುತ್ತಿತ್ತು, ಶಿಕ್ಷೆ ಮುಗಿಯದಿರಲಿ ಅನಿಸುತ್ತಿತ್ತು. ಮುಂಗೈಯಲ್ಲಿ ತಣ್ಣಗೆ ಏನೋ ಏರಿತು. ಒಡೆದ ಮೂಲೆಯ ಹಲಗೆ ತುಂಬ ಒಳ್ಳೆಯ ಹಲಗೆ ಅನಿಸಿತು. ಎಲ್ಲರೂ ಒಳ್ಳೆಯವರು. ಕಚ್ಚಿಸಿಕೊಂಡ ಬೆರಳೂ ಒಳ್ಳೆಯದು. “ಬಾಯಿ ಅಗಲ ಮಾಡಿ,” ಎಂದಿತು ಒಂದು ದನಿ, ಅವನು ಮಾಡಿದ, ಅದರಲ್ಲಿ ಅವಮಾನವೇನೂ ಇರಲಿಲ್ಲ, ಬಾಗಿಲುಗಳು ತೆರೆಯುವುದೇ ಹಾಗೆ, ಮಹಡಿ ಬಂತು, ತೆರೆಯಿತು,

“ಶುರು ಮಾಡ್ತೀರಾ?” ಎಂದು ಕೇಳಿದ.

ಕೇಳಿದ್ದು ಬೇರೆ ಕೋಣೆಯ ಬೇರೆ ಹಾಸಿಗೆಯಲ್ಲಿ. ಹಣೆಯ ಮೇಲೆ ದೀಪ ಇರಲಿಲ್ಲ, ಕಿಟಕಿ ಇತ್ತು. ಪಕ್ಕದ ಕುರ್ಚಿಯಲ್ಲಿ ಅತ್ತೆ, ತೊಡೆಯ ಮೇಲೆ ಅವನ ಫೋನು, ಪೆನ್ನು, ಸೂಚನೆಯ ಚೀಟಿ. ತುಟಿಯ ಎಡಭಾಗ ಯಾರದೋ ತುಟಿಯನ್ನು ತಂದು ಅಂಟಿಸಿದಂತಿತ್ತು. “ಮುಗೀತು,” ಎಂದರು ಅತ್ತೆ. “ಹನ್ನೊಂದೂ ಐದಕ್ಕೇ ಮುಗೀತು.” ಸಹಾಯಕಿ ಬಂದು ಹತ್ತಿ ಬದಲಿಸಿ, ಗುಂಡನೆಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವನ ಅಂಗೈಯಲ್ಲಿಟ್ಟಳು. ಒಳಗೆ ಹಲ್ಲು: ಎರಡು ಬೇರು, ಒಂದು ಕಪ್ಪು ಚುಕ್ಕೆ, ಎಷ್ಟೋ ದಿನದಿಂದ ಪರಿಚಯವಿದ್ದೂ ಮುಖ ನೋಡಿರದ ಒಬ್ಬ ಸಹೋದ್ಯೋಗಿಯಂತೆ. ಅಲುಗಿಸಿದ, ಡಬ್ಬಿ ಸದ್ದು ಮಾಡಿತು. ನಡುವಿನ ಮುಕ್ಕಾಲು ಗಂಟೆ ಎಲ್ಲಿಯೂ ಇರಲಿಲ್ಲ. ಹುಡುಕಿದರೆ ಬರೀ ಒಂದು ಒಡೆದ ಮೂಲೆ. ಅವನು ಅತ್ತೆಯ ಮುಖ ನೋಡಿದ. ಅದು ಎಂದಿನ ಮುಖ. ಎಂದಿನ ಮುಖವೇ ಆಗಿದ್ದರಿಂದ ಅನುಮಾನ ಬಂತು.

“ನಾನು ಏನಾದ್ರೂ ಮಾತಾಡಿದ್ನಾ?” ಎಂದು ಕೇಳಿದ, ಹೊರಗೆ ಬಂದದ್ದು ಅದರ ಅರ್ಧ ಮಾತ್ರ.

“ಹತ್ತಿ ಕಚ್ಚಿ ಹಿಡೀರಿ. ಮಾತಾಡ್ಬೇಡಿ ಅಂದಿದ್ದಾರೆ,” ಎಂದರು.

ಇಳಿಯುವಾಗ ಅತ್ತೆ ಲಿಫ್ಟಿನ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಒಂದೇ ಗಳಿಗೆ, ಆದರೆ ಬರುವಾಗ ನಿಂತದ್ದು ಹೆದರಿಕೆಯಿಂದ. ಈ ನಿಲ್ಲುವಿಕೆಯಲ್ಲಿ ಹೆದರಿಕೆ ಇರಲಿಲ್ಲ, ಬೇರೇನೋ ಇತ್ತು. “ಮೆಟ್ಟಿಲು?” ಎಂದರು, ಅವನಿಗಲ್ಲ, ಸಹಾಯಕಿಗೆ. “ಇವರ ಕಾಲು ಇನ್ನೂ ತೂಗಾಡುತ್ತೆ, ಅಮ್ಮ, ಲಿಫ್ಟಲ್ಲೇ ಹೋಗಿ,” ಎಂದಳು ಅವಳು. ಅತ್ತೆ ಅವನ ತೋಳು ಹಿಡಿದು ಒಳಬಂದರು. ಈ ಸಲ ಪ್ರಮಾಣಪತ್ರಕ್ಕೆ ಬೆನ್ನು ಮಾಡಿ ನಿಂತರು. ಅವನಿಗೆ ಆ ಬೆನ್ನು, ಅದರ ಮೇಲಿನಿಂದ ಇಣುಕುವ ತನ್ನ ಸಹಿಯ ಬಾಲ, ಎರಡೇ ಕಾಣುತ್ತಿದ್ದವು. ಬೆನ್ನು ಮಾಡಲು ಕಾರಣ ಬೇಕಿಲ್ಲ. ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಯಾರಾದರೂ ಯಾವುದಕ್ಕಾದರೂ ಬೆನ್ನು ಮಾಡಲೇಬೇಕು. ಮೂರು, ಎರಡು, ಒಂದು. ಅವನು ಕಾಲಡಿಯ ತಗಡನ್ನು ನೋಡಿದ. ಅದರ ಕೆಳಗೆ, ಬರುಬರುತ್ತ ಹತ್ತಿರವಾಗುತ್ತ, ತಾನು ನೋಡದ ಗುಂಡಿ.

ಮನೆಯಲ್ಲಿ ಅವನನ್ನು ಸೋಫಾದ ಮೇಲೆ ಎರಡು ದಿಂಬು ಕೊಟ್ಟು ಒರಗಿಸಿ, ಆರಿದ ಹಾಲಿನ ಲೋಟ ಕೈಗಿತ್ತು, ಅತ್ತೆ ಚೀಟಿಯನ್ನು ಗಟ್ಟಿಯಾಗಿ ಓದಿದರು. ಇಪ್ಪತ್ತನಾಲ್ಕು ಗಂಟೆ ವಾಹನ ಓಡಿಸುವಂತಿಲ್ಲ. ಒಲೆ ಹಚ್ಚುವಂತಿಲ್ಲ. ಯಾವುದೇ ಕಾಗದಪತ್ರಕ್ಕೆ ಸಹಿ ಮಾಡುವಂತಿಲ್ಲ. ಮುಖ್ಯವಾದ ನಿರ್ಧಾರ ತೆಗೆದುಕೊಳ್ಳುವಂತಿಲ್ಲ. “ಅಂದ್ರೆ ನಾಳೆ ಹನ್ನೊಂದೂ ಐದರವರೆಗೆ ನಿಮ್ಮ ಮಾತಿಗೆ ಬೆಲೆ ಇಲ್ಲ, ಅಳಿಯಂದ್ರೆ,” ಎಂದು ಪೆನ್ನನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಫೋನನ್ನು ಮಾತ್ರ ಕಪಾಟಿನ ಮೇಲಿಟ್ಟರು. ಅವನು ಆ ವಾಕ್ಯವನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದ. ಆ ಗುಂಡಿ ನೋಡುವವರೆಗೆ ಲಿಫ್ಟು ನಿಲ್ಲಿಸುವುದು ಮುಖ್ಯವಾದ ನಿರ್ಧಾರವೇ? ಹೌದು. ಆದರೆ ತಾನದನ್ನು ತೆಗೆದುಕೊಂಡದ್ದು ಬೆಳಿಗ್ಗೆ ಲಿಫ್ಟಿನಲ್ಲಿ, ಸೂಜಿ ಚುಚ್ಚುವ ಮೊದಲು, ಹಾಗಾಗಿ ಸಿಂಧು. ನಿಜವಾಗಿಯೂ ಆಗ ತೆಗೆದುಕೊಂಡಿದ್ದನೇ? ಆಗ ಬರೀ ‘ಹೂಂ’ ಎಂದಿದ್ದ. ತನ್ನ ಪರವಾಗಿ ಹೀಗೆ ವಾದಿಸುತ್ತಿರುವುದು ತಾನೋ ಔಷಧಿಯೋ ಎಂಬುದೂ ಸ್ಪಷ್ಟವಿರಲಿಲ್ಲ. ಬ್ರೇಕು ಸರಿಯಿದೆ, ಹಗ್ಗ ಸರಿಯಿದೆ, ಇದನ್ನು ಕಣ್ಣಾರೆ ನೋಡಿದ್ದೇನೆ. ಅಷ್ಟಿದ್ದರೆ ಜನಕ್ಕೆ ಅಪಾಯವಿಲ್ಲ. ಹಾಗಾದರೆ ನಮೂನೆಯಲ್ಲಿ ಹದಿನಾಲ್ಕೇ ಅಂಶ ಇರಬೇಕಿತ್ತು. ಹದಿನೇಳು ಮಾಡಿದವರು ಮೂರ್ಖರಲ್ಲ.

ಅತ್ತೆ ಅಡುಗೆಮನೆಗೆ ಹೋದ ತಕ್ಷಣ ಅವನು ಗೋಡೆ ಹಿಡಿದು ಕಪಾಟಿನವರೆಗೆ ನಡೆದ. ಕಟ್ಟಡ ನೋಡಿಕೊಳ್ಳುವವನ ನಂಬರು ಹಳೆಯ ತಪಾಸಣೆಯ ಪಟ್ಟಿಯಲ್ಲಿತ್ತು. “ನಾನು ಲಿಫ್ಟ್ ಇನ್‌ಸ್ಪೆಕ್ಟರ್. ಲಿಫ್ಟು ನಿಲ್ಲಿಸಿ, ನಾಳೆ ಬಂದು ನೋಡ್ತೀನಿ,” ಎಂದ. ಅಂದರೆ, ಎನ್ನಬೇಕೆಂದಿದ್ದ. ಮರಗಟ್ಟಿದ ತುಟಿಯಿಂದ, ಹತ್ತಿಯ ಸುತ್ತಿನಿಂದ, ಹಾಲಿನ ಜೊತೆ ಏನೋ ಒಂದು ಜಿನುಗಿತು.

“ಯಾರ್ರೀ?” ಎಂದ ಆ ಕಡೆಯವನು.

ಅವನು ಇನ್ನೊಮ್ಮೆ, ನಿಧಾನವಾಗಿ, ಹೇಳಿದ.

“ಸ್ವಾಮಿ, ಮಧ್ಯಾಹ್ನ ಇನ್ನೂ ಒಂದು ಗಂಟೆ. ಇಷ್ಟು ಬೇಗ ಏರಿಸ್ಕೊಂಡಿದ್ದೀರಲ್ಲ. ಮನೇಲಿ ಹೆಂಡ್ತಿ ಮಕ್ಕಳು ಇದ್ದಾರೆ ತಾನೇ? ಮಲಕ್ಕೊಳ್ಳಿ ಹೋಗಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. ಫೋನು ಕಟ್ಟಾಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟೋ ಕಟ್ಟಡಗಳವರು ಅವನ ಒಂದು ಮಾತಿಗೆ ನಡುಗಿದ್ದರು. ಇಂದು ಮೊದಲ ಬಾರಿಗೆ ಲಿಫ್ಟಿನ ಬಗ್ಗೆ ಸತ್ಯ ಹೇಳಿದ್ದಕ್ಕೆ ಮಲಗಿಕೋ ಎಂದರು. ತಿರುಗಿದರೆ ಅತ್ತೆ ಬಾಗಿಲಲ್ಲಿ, ಕೈಯಲ್ಲಿ ಚಮಚ.

“ಕಾಲ್ ಆಯ್ತಾ?”

“ಆಯ್ತು.”

“ಸರಿ,” ಎಂದರು. ಯಾರಿಗೆ, ಏನು, ಏಕೆ, ಒಂದನ್ನೂ ಕೇಳಲಿಲ್ಲ. ಫೋನನ್ನು ತೆಗೆದುಕೊಂಡು ತಮ್ಮ ಕೈಚೀಲದಲ್ಲಿ ಪೆನ್ನಿನ ಪಕ್ಕ ಇಟ್ಟರು.

ಸಂಜೆಗೆ ತುಟಿ ಮರಳಿ ಬಂತು, ಜೊತೆಗೆ ನೋವೂ. ಹೆಂಡತಿ ಪರೀಕ್ಷೆಯಿಂದ ಬಂದು, “ಹೇಗಿತ್ತು?” ಎಂದಳು. “ಗೊತ್ತಿಲ್ಲ,” ಎಂದ. ಅದು ಅವನು ಆ ದಿನ ಹೇಳಿದ ಅತ್ಯಂತ ನಿಖರವಾದ ಮಾತು. ಅವಳು ಸ್ನಾನಕ್ಕೆ ಹೋದಾಗ ಅತ್ತೆಯ ಎದುರಿನ ಕುರ್ಚಿ ಎಳೆದು ಕೂತ. ಅತ್ತೆ ರೇಡಿಯೋದ ಹಿಂಬದಿ ಬಿಚ್ಚಿ ಧೂಳು ಒರೆಸುತ್ತಿದ್ದರು.

“ಅತ್ತೆ, ನೇರವಾಗಿ ಕೇಳ್ತೀನಿ. ಅಲ್ಲಿ ಮಲಗಿಸಿದ್ದಾಗ ನಾನು ಮಾತಾಡಿದ್ನಾ?”

“ಮಾತಾಡಿದ್ರಿ.”

“ಅರ್ಥ ಆಗೋ ಹಾಗೆ?”

“ಲೈನು ಅಷ್ಟು ಸರಿ ಇರ್ಲಿಲ್ಲ. ಆದ್ರೂ ಸಿಕ್ತು.”

“ಏನು ಹೇಳಿದೆ?”

ಅವರು ಒರೆಸುವುದನ್ನು ನಿಲ್ಲಿಸಿದರು. “ಅಳಿಯಂದ್ರೆ, ಮೂವತ್ತೊಂದು ವರ್ಷ ಎಷ್ಟು ಜನದ ಮಾತು ಕಿವಿಗೆ ಬಿದ್ದಿದೆ ಗೊತ್ತಾ? ನಿಮ್ಮ ಹೆಂಡತಿನ ಕೇಳಿ, ಒಂದಾದ್ರೂ ಮನೇಲಿ ಬಾಯಿಬಿಟ್ಟಿದ್ದೀನಾ ಅಂತ. ಕೇಳಿಸ್ಕೊಂಡಿದ್ದು ಹೇಳೋ ಹಾಗಿಲ್ಲ. ಮಾತಾಡಿದವರಿಗೇ ಆದ್ರೂ. ಎಷ್ಟು ಹೊತ್ತು ಮಾತಾಡಿದ್ರು ಅಂತ ಮಾತ್ರ ಚೀಟಿಲಿ ಬರೀತಿದ್ವಿ. ಅದನ್ನ ಬೇಕಾದ್ರೆ ಹೇಳ್ತೀನಿ.”

“ಎಷ್ಟು ಹೊತ್ತು?”

“ಹನ್ನೊಂದು ನಿಮಿಷ.”

ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದ, ಔಷಧಿ ಇನ್ನೂ ಉಳಿದಿತ್ತೋ ಏನೋ. ಆದರೆ ಬೆಳಿಗ್ಗೆ ಹಲ್ಲುಜ್ಜಲಾಗದೆ ಉಪ್ಪುನೀರು ಮುಕ್ಕಳಿಸುತ್ತ ಕನ್ನಡಿ ಎದುರು ನಿಂತಾಗ ಲೆಕ್ಕ ಹಾಕಿದ. ಗುಂಡಿಗಿಳಿಯದೆ ಗುರುತು ಹಾಕಿದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಹತ್ತಿಯ ನಡುವಿನಿಂದ, ಎರಡು ಸಲ ಹೇಳಿದರೂ, ಒಂದು ನಿಮಿಷ. ಕಾರಣ, ಹಲ್ಲುನೋವು, ಕ್ಷಮೆ ಎಲ್ಲ ಸೇರಿ ಎರಡು. ಅದನ್ನು ಹೇಳದೇ ಇದ್ದಿದ್ದರೆ ಒಳ್ಳೆಯದೇ. ಆದರೆ ಹಾಗಿದ್ದಲ್ಲಿ ಹನ್ನೊಂದೂ ನಿಮಿಷ ಬೇರೆ ಯಾವುದಕ್ಕೆ ಹೋದವು? ತನ್ನ ಒಳಗೆ ಹನ್ನೊಂದು ನಿಮಿಷ ಮಾತಾಡುವಷ್ಟು ಏನಿದೆ ಎಂದು ಅವನು ಹುಡುಕಿದ. ಅತ್ತೆ ಕೊಟ್ಟಿದ್ದ ಹಸಿರು ಸ್ವೆಟರನ್ನು ಕಾವಲುಗಾರನಿಗೆ ಕೊಟ್ಟದ್ದು. ಅವರ ರೇಡಿಯೋ ಕೆಟ್ಟಿದ್ದು ಬಿದ್ದದ್ದರಿಂದ, ಬೀಳಿಸಿದ್ದು ತಾನು. ಅವರ ಮಗಳನ್ನು ಮೊದಲ ಸಲ ನೋಡಿದಾಗ ಅನಿಸಿದ್ದು. ಅವರ ಗೊರಕೆಯನ್ನು ಹಳೆಯ ಮೋಟಾರಿಗೆ ಹೋಲಿಸಿ ಕಚೇರಿಯಲ್ಲಿ ನಗಿಸಿದ್ದು. ಪಟ್ಟಿ ಬೆಳೆಯಿತು. ಹುಡುಕುತ್ತ ಹೋದರೆ ಹನ್ನೊಂದು ನಿಮಿಷ ಕಡಿಮೆಯೇ.

ಮರುದಿನ ಹತ್ತೂವರೆಗೆ ಇಬ್ಬರೂ ಕಟ್ಟಡದಲ್ಲಿದ್ದರು. ಬರುವುದು ಬೇಡ ಎಂದು ಅವನು ಹೇಳಿರಲಿಲ್ಲ. ಹೇಳಿದ್ದರೂ ಇನ್ನೂ ಅವನ ಮಾತಿಗೆ ಬೆಲೆ ಬಂದಿರಲಿಲ್ಲ. “ಲಿಫ್ಟು ನೋಡ್ಬೇಕು,” ಎಂದಷ್ಟೇ ಹೇಳಿದ್ದ, “ಬರ್ತೀನಿ,” ಎಂದಷ್ಟೇ ಅವರು ಹೇಳಿದ್ದರು. ಕನ್ನಡಕದ ಅಂಗಡಿಯ ಮುಂದಿನ ಬೆಂಚಿನಲ್ಲಿ ಅತ್ತೆ ಅವನನ್ನು ಹನ್ನೊಂದೂ ಐದರವರೆಗೆ ಕೂರಿಸಿದರು. ಗೋಡೆಯ ಗಡಿಯಾರದ ಮುಳ್ಳು ಮುಟ್ಟಿದ ಮೇಲೆ ಕೈಚೀಲದಿಂದ ಪೆನ್ನು, ಫೋನು ತೆಗೆದು ಕೊಟ್ಟರು. ಕಟ್ಟಡ ನೋಡಿಕೊಳ್ಳುವವನು ಕೀಲಿಗೊಂಚಲಿನೊಂದಿಗೆ ಬಂದು ಗುರುತಿನ ಚೀಟಿಯನ್ನೂ ಅವನ ಮುಖವನ್ನೂ ನೋಡಿದ. “ಸರ್, ನಿನ್ನೆ ಯಾರೋ ಕುಡುಕ ಫೋನ್ ಮಾಡಿದ್ದ, ಇದೇ ಲಿಫ್ಟಿನ ವಿಷಯಕ್ಕೆ. ಪಾಪ, ಏನೋ ಕಷ್ಟ ಅವನಿಗೆ.” “ಇರಬಹುದು,” ಎಂದ ಅವನು. ಅತ್ತೆ ಕೊಡೆಯ ಹಿಡಿಯನ್ನು ಗಮನವಿಟ್ಟು ನೋಡುತ್ತಿದ್ದರು.

ಗುಂಡಿಗೆ ಒಬ್ಬನೇ ಇಳಿಯಬಾರದು. ಬಾಗಿಲಲ್ಲಿ ಒಬ್ಬರು ನಿಂತಿರಲೇಬೇಕೆಂಬುದು ನಿಯಮ. ಕಟ್ಟಡದವನು ಮೇಲೆ ಯಂತ್ರದ ಕೋಣೆಯಲ್ಲಿರಬೇಕು. ಉಳಿದವರು ಒಬ್ಬರೇ. ಎರಡನೆಯ ದಿನವೂ ಅವರೇ ಜವಾಬ್ದಾರಿಯುತ ವಯಸ್ಕರು. ಅವನು ಲಿಫ್ಟನ್ನು ಮೇಲಕ್ಕೆ ಕಳಿಸಿ, ಕೀಲಿಯಿಂದ ನೆಲಮಹಡಿಯ ಬಾಗಿಲು ತೆರೆದು, ಇಳಿಯುವ ಮೊದಲು ಮಾಡಬೇಕಾದ್ದನ್ನು ಮಾಡಿದ: ಬಗ್ಗಿ, ಕೈ ಚಾಚಿ, ಗುಂಡಿಯ ಗೋಡೆಯ ಕೆಂಪು ಸ್ವಿಚ್ಚನ್ನು ಒತ್ತಿದ. ಹಲ್ಲಿದ್ದ ಜಾಗದಲ್ಲಿ ಒಮ್ಮೆ ಮಿಡಿಯಿತು, ಅಷ್ಟೇ. ತಗಾದೆ ಮಾಡುವವನು ಡಬ್ಬಿಯಲ್ಲಿದ್ದ. ಬಾಗಿಲು ಮುಚ್ಚಿ ಲಿಫ್ಟನ್ನು ಕರೆದ. ಸ್ವಿಚ್ಚು ಸರಿಯಿದ್ದರೆ ಲಿಫ್ಟು ಕದಲಬಾರದು. ಅದು ಆಜ್ಞಾಧಾರಕವಾಗಿ ಬಂತು.

ಅವನು ಇನ್ನೊಮ್ಮೆ ಮಾಡಿದ. ಇನ್ನೊಮ್ಮೆ ಬಂತು.

ಲಿಫ್ಟನ್ನು ಮತ್ತೆ ಮೇಲಕ್ಕೆ ಕಳಿಸಿ, ಕೂಗಿ ಹೇಳಿ ಮೇಲಿನ ಮುಖ್ಯ ಸ್ವಿಚ್ಚು ಆಫ್ ಮಾಡಿಸಿ, ಅದನ್ನು ಎರಡು ಸಲ ಖಚಿತಪಡಿಸಿಕೊಂಡು, ಏಣಿ ಇಳಿದ. ಟಾರ್ಚಿನ ಬೆಳಕಿನಲ್ಲಿ ಮೊದಲು ಕಂಡದ್ದು ನಗು. ಮೇಲ್ದವಡೆಯ ಕಟ್ಟಿಸಿದ ಹಲ್ಲಿನ ಸೆಟ್ಟೊಂದು, ಧೂಳು ಹಿಡಿದು, ಬಾಗಿಲಿನ ಸಂದಿಯಿಂದ ಬಿದ್ದದ್ದು. ಸುತ್ತ ಹಲ್ಲಿನ ಡಾಕ್ಟರ ಚೀಟಿಗಳು, ಒಂದು ಬಾಚಣಿಗೆ, ಯಾವುದೋ ಮನೆಯ ಬೀಗದ ಕೈ. ಸ್ಪ್ರಿಂಗುಗಳು ನೆಟ್ಟಗಿದ್ದವು. ಗುಂಡಿ ಒಣಗಿತ್ತು. ಸ್ವಿಚ್ಚಿನ ಹಿಂದಿನ ತಂತಿಯ ಹೊದಿಕೆಯನ್ನು ಇಲಿ ಕಡಿದು, ಒಳಗಿನ ಎರಡು ಎಳೆ ಒಂದಕ್ಕೊಂದು ತಾಗಿ ಸ್ವಿಚ್ಚನ್ನು ವ್ಯರ್ಥ ಮಾಡಿದ್ದವು, ಹಳೆಯ ಕಡಿತ, ತಾಮ್ರ ಹಸಿರುಗಟ್ಟಿತ್ತು. ಏಳು ತಿಂಗಳ ಹಿಂದೆಯೂ ಹೀಗೇ ಇದ್ದಿರಬೇಕು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಈ ಸ್ವಿಚ್ಚು ಕಾಪಾಡುವುದು ಲಿಫ್ಟಿನಲ್ಲಿ ಹೋಗುವವರನ್ನಲ್ಲ. ವೈದ್ಯೆಯನ್ನಲ್ಲ, ಅತ್ತೆಯನ್ನಲ್ಲ. ಕೆಳಗಿಳಿದವನನ್ನು ಮಾತ್ರ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಲು ಇಲ್ಲಿ ಇಳಿಯುವ ಮೆಕ್ಯಾನಿಕ್ಕನನ್ನು. ಅವನು ಏಳು ಸಲ ಇಳಿದಿದ್ದಾನೆ, ಪ್ರತಿ ಸಲ ಈ ಕೆಂಪು ಸ್ವಿಚ್ಚು ಒತ್ತಿ, ಮೇಲೆ ಗಾಜಿನ ಹಿಂದೆ ‘ಎರಡ್ಸಲ’ನ ಸಹಿ ಇದೆಯಲ್ಲ, ಪರೀಕ್ಷಿಸುವುದೇಕೆ ಎಂದುಕೊಂಡು.

“ಅತ್ತೆ,” ಎಂದ ಕೆಳಗಿನಿಂದ.

“ಲೈನ್‌ನಲ್ಲಿದ್ದೀನಿ, ಹೇಳಿ.”

ಅವರ ಮುಖ ಬೆಳಕಿನ ಚೌಕದಲ್ಲಿ ಕಪ್ಪಗೆ, ಕೊಡೆ ಊರಿಕೊಂಡು. ಮುಖ ಕಾಣದ್ದರಿಂದ ಸುಲಭವಾಯಿತು. ಅವರಿಗೆ ಇಡೀ ಜನ್ಮ ಎಲ್ಲರೂ ಮಾತಾಡಿದ್ದು ಮುಖ ಕಾಣದೆಯೇ. “ಹೋದ ಸಲ ನಾನು ಇಲ್ಲಿಗೆ ಇಳಿದಿರ್ಲಿಲ್ಲ. ಹಲ್ಲು ನೋಯ್ತಿತ್ತು. ಮೂರು ಕಡೆ ಸುಳ್ಳು ಗುರುತು ಹಾಕಿದೆ. ನಿನ್ನೆ ನೀವು ಕೇಳಿದಾಗ ಹೂಂ ಅಂದಿದ್ದೂ ಸುಳ್ಳು. ಒಂದು ಸ್ವಿಚ್ಚು ಕೆಟ್ಟಿದೆ. ನಿಮಗೇನೂ ಆಗ್ತಿರ್ಲಿಲ್ಲ, ಆದ್ರೆ ಮೆಕ್ಯಾನಿಕ್ಕಿಗೆ ಆಗಬಹುದಿತ್ತು.” ಮತ್ತೇನಾದರೂ ಹೇಳಬೇಕೇ ಎಂದು ಯೋಚಿಸಿದ. ಇರಲಿಲ್ಲ. “ಅಷ್ಟೇ.”

“ಕೇಳಿಸ್ತು,” ಎಂದರು ಅತ್ತೆ. “ಮೇಲೆ ಬನ್ನಿ. ಆ ಹಲ್ಲಿನ ಸೆಟ್ಟೂ ತನ್ನಿ, ಯಾರೋ ಊಟ ಮಾಡಕ್ಕಾಗದೆ ಕೂತಿರ್ತಾರೆ.”

ಮೆಕ್ಯಾನಿಕ್ ಬರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ‘ಲಿಫ್ಟ್ ನಿಂತಿದೆ’ ಎಂದು ಬರೆದ ರಟ್ಟು ಹಿಡಿದು ಬಾಗಿಲಲ್ಲಿ ನಿಂತ. ಕೆನ್ನೆ ಊದಿಸಿಕೊಂಡು ಬಂದವರು ಒಬ್ಬೊಬ್ಬರಾಗಿ ರಟ್ಟು ಓದಿ, ಅವನ ಊದಿದ ಕೆನ್ನೆಯನ್ನು ನೋಡಿ, ಏನೂ ಹೇಳಲಾಗದೆ ಮೆಟ್ಟಿಲು ಹತ್ತಿದರು. ಮೆಕ್ಯಾನಿಕ್ಕು ನಲವತ್ತೈದರ ಮಾತುಗಾರ. ಅವನಿಗೂ ಎಲ್ಲವನ್ನೂ ಹೇಳಿದ. ಮೆಕ್ಯಾನಿಕ್ಕು ಮಾತು ನಿಲ್ಲಿಸಿ, ಕಡಿದ ತಂತಿಯನ್ನು ಕೈಯಲ್ಲಿ ತಿರುಗಿಸಿ, “ನಾನೂ ಒಂದ್ಸಲ ಒತ್ತಿ ನೋಡ್ಬೇಕಿತ್ತು ಬಿಡಿ, ಸರ್. ನೀವು ನೋಡಿರ್ತೀರಿ ಅಂತ...” ಎಂದು ಅಲ್ಲಿಗೇ ಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ಹಳೆಯ ಪ್ರಮಾಣಪತ್ರದ ಮೇಲೆ ಅಡ್ಡಗೆರೆ ಎಳೆದು, ಹೊಸ ನಮೂನೆಯಲ್ಲಿ ಷರಾ ಜಾಗದಲ್ಲಿ ‘ಹಿಂದಿನ ತಪಾಸಣೆಯಲ್ಲಿ 14, 15, 16ನ್ನು ನಾನು ಪರಿಶೀಲಿಸಿರಲಿಲ್ಲ’ ಎಂದು ಬರೆದ. ಇದನ್ನು ಓದಿ ಮೇಲಧಿಕಾರಿ ನೋಟಿಸು ಕೊಡುತ್ತಾರೆ. ಕಚೇರಿಯಲ್ಲಿ ಅಡ್ಡಹೆಸರು ಬದಲಾಗುತ್ತದೆ. ಏನೆಂದು ಬದಲಾಗಬಹುದು ಎಂಬುದೂ ಹೊಳೆಯಿತು. ಹೊಸ ತಂತಿ ಹಾಕಿಸಿದ ಮೇಲೆ ಸ್ವಿಚ್ಚು ಒತ್ತಿದ, ಲಿಫ್ಟು ಕದಲಲಿಲ್ಲ. ಮತ್ತೆ ಗುಂಡಿಗಿಳಿದು ಮತ್ತೆ ಒತ್ತಿದ. ಕದಲಲಿಲ್ಲ. ಸಹಿ ಮಾಡಿದ, ಬಾಲ ಎಳೆಯದೆ.

ಅತ್ತೆ ಬೆಂಚಿನಿಂದ ಎದ್ದು ಬಂದರು. ಮೊದಲು ಕೊಡೆ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಕನ್ನಡಕ ಏರಿಸಿಕೊಂಡು, ಶಾಯಿ ಇನ್ನೂ ಆರದ ಹೊಸ ಕಾಗದವನ್ನು ಷರಾ ಸಮೇತ ಮೊದಲಿನಿಂದ ಕೊನೆಯವರೆಗೆ ಓದಿದರು. ಈ ಸಲ ಏನನ್ನೂ ಕೇಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿದ ಯಾರದೋ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು, ಅವನು ಅವರ ಪಕ್ಕ ನಿಂತುಕೊಂಡ. ಬಾಗಿಲು ಮುಚ್ಚಿತು.

“ಅತ್ತೆ, ಗುಂಡಿಯಿಂದ ನಾನು ಹೇಳಿದ್ದು ಎಷ್ಟು ಹೊತ್ತು?”

“ನಲವತ್ತು ಸೆಕೆಂಡು.”

“ಹಾಗಾದ್ರೆ ನಿನ್ನೆ ಹನ್ನೊಂದು ನಿಮಿಷ...”

“ಅದು ಬೇರೆ ಕಾಲ್,” ಎಂದರು ಅತ್ತೆ, ಮತ್ತು ತಾವೇ ಕೈ ಚಾಚಿ ನಾಲ್ಕನ್ನು ಒತ್ತಿದರು.